ನಾವು ಹಸನು ಮಾಡಿದ ಹಳ್ಳ

ಮೊಮ್ಮಗಳನ್ನು ತೊಟ್ಟಿಲು ಸಮೇತ ಬೀಗರ ಮನೆಗೆ ಮುಟ್ಟಿಸಿ ಮೊನ್ನೆಯಷ್ಟೇ ಬಂದಿದ್ದೇನೆ. ಮಡಿಲು ಖಾಲಿಯಾಗಿದೆ, ಎದೆ ಮಾತ್ರ ತುಂಬಿ ತುಳುಕುತ್ತಿದೆ. ಮಗಳು ಹರಕೆ ಹೊತ್ತು, ಕಾದು ಕಾದು ಹಡೆದ ಕೂಸು. ಮೂಗು ನನ್ನದು. ಬೀಗತಿ ತಮ್ಮದು ಅನ್ನುತ್ತಾರೆ, ಅನ್ನಲಿ. ಕೂಸು ಹುಟ್ಟಿದ ವಾರ ಬಸ್ಸು ಹತ್ತಿದಾಗ ಕಂಡಕ್ಟರು "ಎಲ್ಲಿಗ್ರಿ?" ಅಂದರೆ ನಾನು "ಮೊಮ್ಮಗಳು ಹುಟ್ಯಾಳ್ರಿ" ಅಂದೆನಂತೆ. ಆತ "ಅದು ಯಾವ ಸ್ಟಾಪ್ ಆತ್ರಿ?" ಅಂತ ಕೇಳಿ ಬಸ್ಸೆಲ್ಲ ನಗಿಸಿದ. ನಾನೂ ನಕ್ಕೆ. ಈಗ ನನಗೆ ಯಾವುದಕ್ಕೂ ನಗು ಬರುತ್ತದೆ.

ಬೀಗರ ಮನೆ ಒಂದಕ್ಕೆ ಮಾತ್ರ ಬರುವುದಿಲ್ಲ. ಮಗಳ ಮದುವೆಯಾದಾಗ ಅವರು ರಾಣೆಬೆನ್ನೂರಿನಲ್ಲಿ ಬಾಡಿಗೆಗಿದ್ದರು. ಅಳಿಯನಿಗೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕ ಮೇಲೆ ಹೋದ ವರ್ಷ ಇಲ್ಲಿಯ ಹೊಸ ಪ್ಲಾಟಿನಲ್ಲಿ ಮನೆ ಕೊಂಡರು. ಸಸ್ತಾ ಸಿಕ್ಕಿತು ಅಂದರು. ಯಾಕೆ ಸಸ್ತಾ ಅಂತ ಯಾರನ್ನೂ ಕೇಳಲಿಲ್ಲ, ನನ್ನನ್ನಂತೂ ಕೇಳಲೇ ಇಲ್ಲ. ಆ ಮನೆ ಹಳ್ಳದ ದಂಡೆಯ ಮೇಲಿದೆ ಎಂದು ಜನ ಅನ್ನುತ್ತಾರೆ. ದಂಡೆಯ ಮೇಲಲ್ಲ, ಹಳ್ಳದ ಒಳಗೇ ಇದೆ. ಆ ಹಳ್ಳವನ್ನು ಎರಡು ಮಳೆಗಾಲ ಅಳೆದವಳು ನಾನು. ನಾಲ್ಕನೆಯ ಇಯತ್ತೆ ಓದಿದವಳ ಅಕ್ಷರ ಡೊಂಕಾದೀತು, ಹೇಳುವ ಮಾತು ಡೊಂಕಲ್ಲ. ಪೆನ್ನು ಮೊಮ್ಮಗಳ ಕಡೆಗೇ ಓಡುತ್ತದೆ, ಹಿಡಿದು ಹಳ್ಳಕ್ಕೆ ಎಳೆಯುತ್ತೇನೆ.

ಆಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ನಮಗೆಲ್ಲ ಧಾರವಾಡವೇ ಜಿಲ್ಲೆ. ನಮ್ಮ ಓಣಿ ಬ್ಯಾಡಗಿಯ ಅಂಚಿಗೆ, ಹಳ್ಳದ ಪಕ್ಕ ಇತ್ತು. ಹಳ್ಳ ಪಡುವಣ ದಿಬ್ಬದ ಹೊಲಗಳಿಂದ ಇಳಿದು, ಬಯಲು ದಾಟಿ, ರಸ್ತೆಯ ಸಣ್ಣ ಸೇತುವೆಯ ಕೆಳಗೆ ನುಸುಳಿ, ನಮ್ಮ ಓಣಿಯ ಬೆನ್ನಿಗೆ ಬಂದು ಕೆರೆಗೆ ಹೋಗುತ್ತಿತ್ತು. ಆ ಸೇತುವೆಗೆ ನಾವು ಪೂಲು ಅನ್ನುತ್ತಿದ್ದೆವು. ಓಣಿಯ ಹೆಂಗಸರಿಗೆಲ್ಲ ಒಂದೇ ಕೆಲಸ, ಮೆಣಸಿನಕಾಯಿ ಹಸನು ಮಾಡುವುದು. ದಲಾಲರ ಅಡತಿ ಅಂಗಡಿಯಿಂದ ಚೀಲ ಮನೆಗೆ ಬರುತ್ತಿತ್ತು. ತೊಟ್ಟು ಮುರಿದು, ಬಿಳಿಗಾಯಿ ಬೇರೆ ಮಾಡಿ, ಕೆಂಪನ್ನು ತುಂಬಿ ಕಳಿಸುತ್ತಿದ್ದೆವು. ಚೀಲ ಹೋದ ಮೇಲೂ ತೊಟ್ಟಿನ ಗುಡ್ಡೆ ಉಳಿಯುತ್ತಿತ್ತು. ಅದನ್ನು ಸುಟ್ಟರೆ ಓಣಿಗೆ ಓಣಿಯೇ ಘಾಟಿಗೆ ಕೆಮ್ಮುತ್ತಿತ್ತು. ಎಮ್ಮೆ ಮೂಸಿ ಮುಖ ತಿರುಗಿಸುತ್ತಿತ್ತು. ಹಳ್ಳ ಮಾತ್ರ ಒಲ್ಲೆ ಅನ್ನುತ್ತಿರಲಿಲ್ಲ. ಅತ್ತೆಯ ಕಾಲದಿಂದ ನಾವು ತೊಟ್ಟನ್ನು ಪೂಲಿನ ಬಳಿ ಹಳ್ಳಕ್ಕೆ ಚೆಲ್ಲುತ್ತ ಬಂದವರು.

ಒಂದು ಬೇಸಿಗೆ ಹಾವೇರಿಯ ಆಫೀಸಿನಿಂದ ಸಣ್ಣ ಸಾಹೇಬ ಬಂದ. ಮೀಸೆ ಇನ್ನೂ ದಪ್ಪ ಆಗಿರದ ಎಂಜಿನಿಯರ. ಪೂಲಿನ ಗೋಡೆಗೆ, ನೀರು ಬರುವ ಬದಿಗೆ, ಅಳತೆಯ ಪಟ್ಟಿ ಬರೆಸಿದ. ಬಿಳಿ ಬಣ್ಣದ ಮೇಲೆ ಕರಿ ಗೆರೆ, ಕರಿ ಅಂಕಿ. ಪೂಲಿಗೆ ಎಲ್ಲರಿಗಿಂತ ಹತ್ತಿರದ ಮನೆ ನನ್ನದು, ಅಂಕಿ ಓದಲೂ ಬರುತ್ತಿತ್ತು. ದಿನಗೂಲಿಗೆ ನನ್ನನ್ನೇ ಹಿಡಿದ.

"ಏನ್ ಮಾಡ್ಬೇಕ್ರಿ?" ಅಂದೆ.

"ಹಳ್ಳ ಎಷ್ಟ ಕುಡದೈತಿ ಅಂತ ಮುಂಜಾನೆ, ಸಂಜಿ ನೋಡಿ ಬರೀಬೇಕ್ರಿ ಅಕ್ಕಾರ," ಅಂದ.

ಎದುರುಮನೆಯಾಕೆ ಚೀಲದ ಮೇಲೆ ಕೂತು ಕೇಳುತ್ತಿದ್ದಳು. "ನನ್ನ ಗಂಡಂದೂ ಬರೀಲೇನ್ರಿ ಸಾಹೇಬ್ರ? ಆತ ಹಳ್ಳಕ್ಕಿಂತ ಹೆಚ್ಚು ಕುಡೀತಾನ," ಅಂದಳು. ಆಕೆಯ ನಾಲಿಗೆ ಅಂಥದ್ದು. ಆಕೆಯನ್ನೇ ನನಗೆ ಜೋಡಿ ಮಾಡಿದ.

ಕೆಲಸ ಹೀಗಿತ್ತು. ಮಳೆ ಇಲ್ಲದ ದಿನ ದಿನಕ್ಕೆರಡು ಸಲ ಪಟ್ಟಿ ಓದಬೇಕು. ಮಳೆ ಬಿದ್ದರೆ ನೀರು ಏರುವಾಗಿನಿಂದ ಇಳಿಯುವವರೆಗೂ ಗೋಣಿಕೊಪ್ಪೆ ಹೊದ್ದು ಅಲ್ಲೇ ನಿಂತು ಮತ್ತೆ ಮತ್ತೆ ಓದಬೇಕು. ಹೊಳೆಯುವ ನೀರು ಕಣ್ಣಿಗೆ ಮೋಸ ಮಾಡುತ್ತದೆ. ಅಲೆ ಏರಿದಾಗೊಮ್ಮೆ, ಇಳಿದಾಗೊಮ್ಮೆ ನೋಡಿ ನಡುವಿನದನ್ನು ಹಿಡಿಯಬೇಕು. ಬಾಟಲಿಯಲ್ಲಿ ನೀರು ತುಂಬಿ ಕಿಟಕಿಯಲ್ಲಿಡಬೇಕು. ಕೆಸರು ಕೆಳಗೆ ಕೂತ ಮೇಲೆ ಅದರ ದಪ್ಪ ನೋಡಬೇಕು. ಪೂಲಿನಿಂದ ಮೇಲೆ, ಹಳ್ಳ ನೆಟ್ಟಗೆ ಹರಿಯುವ ಕಡೆ, ದಂಡೆಗೆ ಸುಣ್ಣ ಬಳಿದ ಎರಡು ಕಲ್ಲು ನೆಟ್ಟಿದ್ದರು. ಕೆಂಪು ಬಣ್ಣ ಹಚ್ಚಿದ ಕಟ್ಟಿಗೆಯ ತುಂಡನ್ನು ನೀರಿಗೆ ಬಿಡಬೇಕು. ಮೊದಲ ಕಲ್ಲು ದಾಟಿದಾಗ ಎದುರುಮನೆಯಾಕೆ "ಹೋತೋ!" ಅಂತ ಕೂಗಬೇಕು, ಎರಡನೆಯ ಕಲ್ಲಿನ ಬಳಿ ನಾನು ಸಾಹೇಬ ಕೊಟ್ಟ ಗಡಿಯಾರ ನೋಡಬೇಕು. ಪಟ್ಟಿ ಹೇಳುವುದು ನೀರಿನ ಎತ್ತರ, ತುಂಡು ಹೇಳುವುದು ಓಟ. ಎರಡೂ ಕೂಡಿದರೇ ನೀರೆಷ್ಟು ಅಂತ ತಿಳಿಯುವುದು. ಈ ಮಾತನ್ನು ಸಾಹೇಬ ನಮ್ಮಿಂದ ಬಾಯಿಪಾಠ ಮಾಡಿಸಿದ್ದ.

ಇದೆಲ್ಲ ಯಾಕೆ ಅಂತ ನಾವು ಕೇಳಿದ ದಿನ, ಎದುರುಮನೆಯಾಕೆಯ ಕೈಯ ಮೊರ ಇಸಿದುಕೊಂಡು ಇಳಿಜಾರು ಹಿಡಿದ. ಮೊರದಲ್ಲಿ ಮೆಣಸಿನ ಬೀಜ ಇದ್ದವು.

"ಇದು ನಿಮ್ಮ ಪಡುವಣ ದಿಬ್ಬ, ಬಯಲು ಎಲ್ಲಾ. ಎಲ್ಲೆ ಬೀಜ ಬಿದ್ರೂ ಎಲ್ಲಿ ಬರ್ತಾವ?"

"ಮೊರದ ಬಾಯಿಗ್ರಿ."

"ಆ ಬಾಯಿ ಅಂದ್ರ ಈ ಪೂಲು. ಅದರ ಕೆಳಗ ಯಾರದಾರ?"

ಕೆಳಗಿದ್ದವರು ನಾವು.

ಆಮೇಲೆ ಮೊರಕ್ಕೆ ಹಳೆಯ ಗೋಣಿ ಹಾಸಿ ನೀರು ಸುರಿದ. ಅರ್ಧ ಗೋಣಿಯಲ್ಲೇ ಇಂಗಿತು. ಗೋಣಿ ತೆಗೆದು ಪ್ಲಾಸ್ಟಿಕ್ ಹಾಳೆ ಹಾಸಿ ಸುರಿದ. ಎಲ್ಲ ನೀರೂ ಒಮ್ಮೆಲೇ ಬಂದು ನಮ್ಮ ಕಾಲಿಗೆ ಬಿತ್ತು. ಪೂಲಿನ ಮೇಲಿನ ಬಯಲಿನಲ್ಲಿ ಪ್ಲಾಟು ಹಾಕುತ್ತಾರೆ, ಮನೆ, ರಸ್ತೆ, ಫರಸಿ ಬರುತ್ತದೆ, ಆಗ ನೀರು ಹೀಗೆ ಬರುತ್ತದೆ ಅಂದ. ಹಳ್ಳಕ್ಕೆ ಈಗಿರುವ ಅಗಲವನ್ನೇ ಬಿಡಬೇಕು, ದಂಡೆಗೆ ಹುಲ್ಲು, ಗಿಡ ಇರಬೇಕು, ಮೇಲೆ ಮರಿಹಳ್ಳಗಳಿಗೆ ಸಣ್ಣ ಒಡ್ಡು ಹಾಕಬೇಕು ಎಂದು ಆತ ನಕ್ಷೆ ಮಾಡುತ್ತಿದ್ದ. ಪ್ಲಾಟಿನ ಸಾವ್ಕಾರನಿಗೆ ಹಳ್ಳವನ್ನು ಇಕ್ಕಟ್ಟಿನ ಕಲ್ಲುಗಾಲುವೆ ಮಾಡಿ ಉಳಿದ ಜಾಗವನ್ನೂ ಪ್ಲಾಟು ಮಾಡಿ ಮಾರಬೇಕಿತ್ತು. ಎಷ್ಟು ಅಗಲ ಬಿಡಬೇಕು ಎಂಬುದನ್ನು ನಮ್ಮ ಅಳತೆ ಹೇಳಬೇಕು. ಅಗಲ ಉಳಿದರೆ ಓಣಿ ಉಳಿಯುತ್ತದೆ. ಅಷ್ಟು ನಮಗೆ ತಿಳಿಯಿತು.

ಮೊದಲ ಮಳೆಗಾಲ ನೀರು ಚೆನ್ನಾಗಿ ಬಂತು. ಒಂದು ದೊಡ್ಡ ಮಳೆಗೆ ಪಟ್ಟಿಯ ಮೇಲ್ತುದಿಯ ಅಂಕಿ ಮುಳುಗುವ ಹಾಗಿತ್ತು. ನಾನು ಹೆಮ್ಮೆಯಿಂದ ಬರೆದೆ. ಆದರೆ ಕಟ್ಟಿಗೆಯ ತುಂಡು ಮುಂದೆ ಹೋಗಲೇ ಇಲ್ಲ. ಎರಡು ಕಲ್ಲುಗಳ ನಡುವೆ ಸಂತೆಗೆ ಬಂದ ಅಜ್ಜಿಯ ಹಾಗೆ ನಿಂತು ನಿಂತು ತಿರುಗುತ್ತಿತ್ತು. "ಹೋತೋ ಅಂತ ಕೂಗಲೇನ, ನಿಂತೋ ಅಂತ ಕೂಗಲೇನ?" ಅಂದಳು ಎದುರುಮನೆಯಾಕೆ. ನೀರು ಇಳಿದ ಮೇಲೆ ಕಂಡಿತು. ನೀರು ನುಸುಳುವ ಪೂಲಿನ ಕಣ್ಣುಗಳ ತುಂಬ ತೊಟ್ಟು ನೆನೆದು, ಹೆಣೆದು, ಕಂಬಳಿಯ ಹಾಗೆ ಕೂತಿತ್ತು. ಗೋಣಿಚೂರು, ಚೀಲ ಹೊಲಿಯುವ ಸುತಳಿ ಎಲ್ಲ ಅದರೊಳಗೆ. ನೀರು ಅದಕ್ಕೆ ತಡೆದು ಹಿಂದಕ್ಕೆ ನಿಂತಿತ್ತು.

ಸಾವ್ಕಾರನೂ ನೋಡಿದ. ಕೊಡೆಯ ತುದಿಯಿಂದ ತಿವಿದು ಒಂದು ಮುದ್ದೆ ಎತ್ತಿ ಎಲ್ಲರಿಗೂ ತೋರಿಸಿದ. ಪುರಸಭೆಯಲ್ಲಿ ಮೀಟಿಂಗು ಕರೆದಾಗ ಅದನ್ನೇ ಹೇಳಿದ. ಧಾರವಾಡದಿಂದ ದೊಡ್ಡ ಸಾಹೇಬರು ಬಂದು ನಡುವೆ ಕೂತಿದ್ದರು. ನಾವು ಬಾಗಿಲ ಬಳಿ ಕೂತಿದ್ದೆವು.

"ಸಾಹೇಬ್ರ, ಇದು ಹಳ್ಳದ ನೀರಲ್ರಿ, ತೊಟ್ಟಿನ ನೀರು. ಈ ಹೆಣ್ಮಕ್ಕಳು ತಾವ ಪೂಲಿನ ಬಾಯಿ ಕಟ್ಟೂದು, ತಾವ ಅಳಿಯೂದು, ತಾವ ದೊಡ್ಡ ಹಳ್ಳ ಅನ್ನೂದು. ಚಲೋ ಕೆಲಸ ಐತಿ!"

ಸಭೆ ನಕ್ಕಿತು. ಆ ವರ್ಷದ ಅಳತೆಯನ್ನೆಲ್ಲ ಲೆಕ್ಕಕ್ಕೆ ಹಿಡಿಯಬಾರದು ಅಂತಾಯಿತು. ಮಳೆಯಲ್ಲಿ ನೆನೆದದ್ದಷ್ಟೇ ಉಳಿಯಿತು. ಹೊರಗೆ ಬಂದು ಸಣ್ಣ ಸಾಹೇಬನ ಮುಖ ನೋಡಿದೆ. ಸಿಟ್ಟು ಮಾಡಲಿಲ್ಲ.

"ಸಾವ್ಕಾರ ಹೇಳಿದ್ದು ಅರ್ಧ ಖರೇ ಐತ್ರಿ ಅಕ್ಕಾರ. ಪೂರಾ ಸುಳ್ಳಾಗಿದ್ರ ಜಗಳಾ ಮಾಡಬಹುದಿತ್ತು," ಅಂದ. ಹಳ್ಳದ ಅಗಲದ ತೀರ್ಮಾನವನ್ನು ಇನ್ನೊಂದು ಮಳೆಗಾಲ ಮುಗಿಯುವವರೆಗೆ ನಿಲ್ಲಿಸಿ ಅಂತ ಕೇಳಿ ಒಪ್ಪಿಸಿಕೊಂಡು ಬಂದಿದ್ದ. ಅಷ್ಟರಲ್ಲಿ ನಾವು ಏನು ಮಾಡುವವರು? ತೊಟ್ಟಂತೂ ದಿನಾ ಬೀಳುತ್ತದೆ.

ಆಗ ನಾನು ನಿಶ್ಚಯ ಮಾಡಿದೆ. ಯಾರೂ ಹೇಳಿಕೊಟ್ಟದ್ದಲ್ಲ. ಓಣಿಯ ಕಟ್ಟೆಗೆ ಹೆಂಗಸರನ್ನು ಕರೆದು, ಇನ್ನು ಮೇಲೆ ಹಳ್ಳಕ್ಕೆ ತೊಟ್ಟು ಹಾಕುವುದು ಬೇಡ, ಮಳೆ ಬರುವ ಮೊದಲು ಪೂಲು ನಾವೇ ಹಸನು ಮಾಡೋಣ ಅಂದೆ.

"ಸಾವ್ಕಾರನ ಬಾಯಿ ಮುಚ್ಚಾಕ ನಾವು ಹಳ್ಳ ತೊಳೀಬೇಕೇನ?" ಎದುರುಮನೆಯಾಕೆ ಎದ್ದೇಬಿಟ್ಟಳು. "ತೊಟ್ಟು ಮುರಿಯೂದು ಕೂಲಿಗೆ. ಇದು ಯಾರಪ್ಪನ ಕೂಲಿಗೆ?"

"ನೀ ಮನೀ ಕಸ ಯಾರ ಕೂಲಿಗೆ ಹೊಡೀತೀ?"

"ಅದು ನನ್ನ ಮನಿ."

"ನಿನ್ನ ಮನಿ ಹಳ್ಳದಾಗ ಹೋಗಬಾರದು ಅಂತ ಹೇಳಾಕತ್ತೇನಿ."

ಆಕೆ ಸೆರಗು ಕೊಡವಿ ಹೊರಟುಹೋದಳು. ಮರುದಿನ ಎಲ್ಲರಿಗಿಂತ ಮೊದಲು ಸಲಿಕೆ ಹಿಡಿದು ನಿಂತವಳೂ ಆಕೆಯೇ. "ನೀ ಒಬ್ಬಾಕಿನ ಸತ್ರ ಪಟ್ಟಿ ಯಾರ ಓದತಾರ, ನನಗ ಅಂಕಿ ಬರಂಗಿಲ್ಲ," ಅಂದಳು.

ಓಣಿಯ ಹಿಂದೆ ತಗ್ಗು ತೋಡಿ ಹೊಸ ತೊಟ್ಟನ್ನು ಅದಕ್ಕೆ ಹಾಕಿ ಮಣ್ಣು ಮುಚ್ಚುತ್ತ ಬಂದೆವು. ಪೂಲಿನ ಕೆಲಸ ಸುಲಭದ್ದಲ್ಲ. ಬೇಸಿಗೆಗೆ ತೊಟ್ಟಿನ ಕಂಬಳಿ ಒಣಗಿ ಗಟ್ಟಿಯಾಗಿತ್ತು. ಕಣ್ಣೊಳಗೆ ಬಗ್ಗಿ ತೆವಳಬೇಕು. ಮುಖಕ್ಕೆ ಒದ್ದೆ ಅರಿವೆ ಕಟ್ಟಿಕೊಂಡು ಒಬ್ಬಳು ಒಳಗೆ ಹೋಗಿ ಕುಡುಗೋಲಿನಿಂದ ಕೊಯ್ದು ಕೊಡುವುದು, ಹೊರಗಿನವರು ಬುಟ್ಟಿಯಲ್ಲಿ ಎಳೆಯುವುದು. ಒಳಗಿದ್ದವಳು ಸೀನಲು ಹತ್ತಿದರೆ ಪೂಲೇ ಸೀನಿದ ಹಾಗೆ ಸಪ್ಪಳ. ನಗುತ್ತಿದ್ದೆವು, ನಗುತ್ತ ನಗುತ್ತ ಕಣ್ಣೀರು ಹಾಕುತ್ತಿದ್ದೆವು, ಖಾರಕ್ಕೆ. ಚರ್ಮ ಸುಲಿದ ಕೈಗೆ ಬೆಣ್ಣೆ ಹಚ್ಚಿದರೂ ಉರಿ ಇಳಿಯುತ್ತಿರಲಿಲ್ಲ. ಎದುರುಮನೆಯಾಕೆಗೆ ಮೊಲೆಗೂಸು ಇತ್ತು. ಆ ಕೈಯಿಂದ ಅದನ್ನು ಮುಟ್ಟುವ ಹಾಗಿರಲಿಲ್ಲ. ನನ್ನ ಮಗಳು ಆಗ ಪರಕಾರ ಉಡುವ ಹುಡುಗಿ. ಅವಳೇ ಕೂಸನ್ನು ಎತ್ತಿ ತಾಯಿಯ ಎದೆಗೆ ಹಿಡಿಯುತ್ತಿದ್ದಳು, ತಾಯಿ ಎರಡೂ ಕೈ ಮೇಲೆತ್ತಿ ಕಳ್ಳರ ಹಾಗೆ ಕೂತಿರುತ್ತಿದ್ದಳು. ಈಗ ಮೊಮ್ಮಗಳನ್ನು ಎತ್ತಿಕೊಳ್ಳುವ ಮೊದಲು ನಾನು ಕೈ ಮೂಸಿ ನೋಡಿಕೊಳ್ಳುತ್ತೇನೆ. ರೂಢಿ ಹೋಗಿಲ್ಲ.

ಪೂಲಿನ ಕಣ್ಣುಗಳಲ್ಲಿ ಆಚೆಯ ಬೆಳಕು ಕಂಡ ದಿನ ನಾವು ಪೂಲಿಗೆ ಕಾಯಿ ಒಡೆದೆವು.

ಎರಡನೆಯ ಮಳೆಗಾಲ. ಅಷ್ಟರಲ್ಲಿ ಬಯಲಿನಲ್ಲಿ ಪ್ಲಾಟಿನ ರಸ್ತೆಗಳನ್ನು ಕಡಿದಿದ್ದರು. ಬಾಟಲಿಯ ತಳದ ಕೆಂಪು ಕೆಸರು ಮೊದಲಿಗಿಂತ ದಪ್ಪ ಕೂರುತ್ತಿತ್ತು. ಒಂದು ಮಧ್ಯಾಹ್ನ ದಿಬ್ಬದ ಮೇಲೆ ಮೋಡ ಒಡೆದುಕೊಂಡು ಸುರಿಯಿತು. ಅದೃಷ್ಟಕ್ಕೆ ಅವತ್ತು ಸಣ್ಣ ಸಾಹೇಬ ಊರಲ್ಲೇ ಇದ್ದ, ಬರಿಗಾಲಲ್ಲಿ ಓಡಿಬಂದ. ನೀರು ಬಂದ ಪರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಏರುತ್ತ ಬರಲಿಲ್ಲ, ಬಾರುಕೋಲಿನ ಹಾಗೆ ಬೀಸಿ ಬಂತು. ಆದರೆ ಪೂಲು ಹಸನಾಗಿತ್ತು, ಎಲ್ಲ ನುಂಗಿ ಆಚೆ ಉಗುಳುತ್ತಿತ್ತು. ಪಟ್ಟಿ ಓದಿದೆ. ಹೋದ ವರ್ಷಕ್ಕಿಂತ ಎಷ್ಟೋ ಕೆಳಗೆ. ತುಂಡು ಬಿಟ್ಟರೆ ಎದುರುಮನೆಯಾಕೆ "ಹೋ..." ಅನ್ನುವಷ್ಟರಲ್ಲಿ ನನ್ನ ಕಲ್ಲು ದಾಟಿ ಹೋಗಿತ್ತು.

"ಏ ಯಕ್ಕಾ, ಇನ್ನೊಮ್ಮೆ ಬಿಡ, ನಾ ಇನ್ನೂ ಬಾಯಿ ತಗದಿಲ್ಲ!"

ಮತ್ತೆ ಬಿಟ್ಟೆವು, ಮತ್ತೆ ಬಿಟ್ಟೆವು. ನಮ್ಮ ಓಣಿಯ ಹಿಂದೆ ನೀರು ದಂಡೆಯ ತುಟಿಗೆ ಹತ್ತಿ ಹರಿಯಿತು, ಒಳಗೆ ಬರಲಿಲ್ಲ. ಸಾಹೇಬ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದ. ಎತ್ತರ ಕಡಿಮೆ ಆದರೂ ಓಟ ಸೇರಿಸಿದರೆ ನೀರು ಹೋದ ವರ್ಷಕ್ಕಿಂತ ಬಹಳ ಹೆಚ್ಚು ಬಂದಿತ್ತು. ಇನ್ನೂ ಮನೆಗಳೇ ಎದ್ದಿರಲಿಲ್ಲ, ಬರೀ ರಸ್ತೆಗೇ ಇಷ್ಟು.

"ಅಕ್ಕಾರ, ಈ ಸಲ ಯಾರೂ ಮಾತಾಡೂ ಹಂಗಿಲ್ಲ," ಅಂದ. ಆತನ ಮುಖ ಹುಡುಗನ ಮುಖದ ಹಾಗಾಗಿತ್ತು. ನಾನು ಕೊಟ್ಟ ರೊಟ್ಟಿಯನ್ನು ಎರಡೂ ಕೈಯಿಂದ ಹಿಡಿದು ತಿಂದ.

ಮೀಟಿಂಗಿಗೆ ಓಣಿಯ ಹೆಂಗಸರೆಲ್ಲ ಇದ್ದುದರಲ್ಲಿ ಚಲೋ ಸೀರೆ ಉಟ್ಟುಕೊಂಡು ಹೋದೆವು. ಸಾವ್ಕಾರ ಈ ಸಲ ಬೈಯಲಿಲ್ಲ. ಎದ್ದು ನಿಂತು ನಮ್ಮ ಕಡೆಗೆ ಕೈ ಮುಗಿದ.

"ಈ ತಾಯಂದಿರು ಊರಿಗೆ ಬುದ್ಧಿ ಕಲಿಸ್ಯಾರ್ರಿ. ಹೋದ ವರ್ಷ ನೀರು ಪಟ್ಟಿ ಮ್ಯಾಲ ಎಲ್ಲಿತ್ತು, ಈ ವರ್ಷ ಎಲ್ಲೈತಿ, ಅವರ ಬರದಾರ, ಓದ್ರಿ. ಮಳಿ ಹೆಚ್ಚು ಬಂದೈತಿ, ನೀರು ಕೆಳಗ ಐತಿ. ಯಾಕ? ಹಳ್ಳ ಹಸನ ಇತ್ತು. ಅಂದಮ್ಯಾಲ ಬೇಕಾಗಿದ್ದು ಅಗಲ ಅಲ್ರಿ, ಹಸನ. ಕಲ್ಲಿನ ಕಾಲುವಿ ಕಟ್ಟೋಣ, ವರ್ಷಾ ವರ್ಷಾ ಪುರಸಭೆಯವರು ಹಸನ ಮಾಡ್ಲಿ. ಮುಗೀತು."

ನನಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ನಾವು ಕೈ ಸುಟ್ಟುಕೊಂಡು ಮಾಡಿದ್ದನ್ನೇ ಎತ್ತಿ ನಮ್ಮ ಕುತ್ತಿಗೆಗೆ ಕಟ್ಟುತ್ತಿದ್ದ.

ಸಣ್ಣ ಸಾಹೇಬ ಎದ್ದ. "ನೀರು ಕಡಿಮಿ ಆಗಿಲ್ರಿ ಸರ್, ಜೋರು ಓಡೇತಿ. ಓಟದ ಲೆಕ್ಕಾನೂ ಇಲ್ಲೇ ಐತಿ. ಇಕ್ಕಟ್ಟು ಮಾಡಿದ್ರ, ಒಂದು ವರ್ಷ ಹಸನ ಮಾಡ್ಲಿಲ್ಲಂದ್ರ..."

ದೊಡ್ಡ ಸಾಹೇಬರು ಕೈ ಎತ್ತಿದರು. "ಪಟ್ಟಿ ಬರೆಸಿದ್ದು ನೀವೇ ಅಲ್ಲವೇನ್ರಿ? ಹೋದ ವರ್ಷ ಪಟ್ಟಿ ನೋಡ್ರಿ ಅಂದ್ರಿ. ಈ ವರ್ಷ ಪಟ್ಟಿ ಬಿಡ್ರಿ, ಕಟ್ಟಿಗಿ ತುಂಡು ನೋಡ್ರಿ ಅಂತೀರಿ."

ಮತ್ತೆ ನಗು. ನಾನು ಎದ್ದೆ. ಎರಡೂ ಕೂಡಿದರೇ ನೀರು ಅಂತ ಹೇಳಬೇಕಿತ್ತು, ಬಾಯಿಗೇ ಬಂದಿತ್ತು. ಅಷ್ಟರಲ್ಲಿ ಸಾವ್ಕಾರನ ಹೆಂಡತಿ ತಾಟು ಹಿಡಿದು ಬಂದಳು. ಎಲ್ಲ ಮೊದಲೇ ತಯಾರಿತ್ತು. ಕುಂಕುಮ ಹಚ್ಚಿ, ಖಣ, ಕಾಯಿ, ಅಕ್ಕಿ ಹಿಡಿದು "ಉಡಿ ಹಿಡೀರಿ" ಅಂದಳು. ಮುತ್ತೈದೆಯ ಕೈಯಿಂದ ಉಡಿಗೆ ಬರುವುದನ್ನು ಒಲ್ಲೆ ಅನ್ನುವ ಹೆಣ್ಣು ನಮ್ಮ ಕಡೆ ಇಲ್ಲ. ಒಲ್ಲೆ ಅಂದರೆ ಅವಳ ಮನೆತನಕ್ಕೆ ಕೇಡು ಬಯಸಿದ ಹಾಗೆ. ಎದ್ದವಳು ಸೆರಗು ಒಡ್ಡಿ ನಿಂತೆ. ಜನ ಚಪ್ಪಾಳೆ ತಟ್ಟಿದರು. ಉಡಿ ತುಂಬಿಸಿಕೊಂಡವಳು ಅದೇ ನಿಲುವಿನಲ್ಲಿ ನಿಂತು ಜಗಳ ಮಾಡುವುದು ಹೇಗೆ? ಕಾಯಿ ಭಾರವಾಗಿತ್ತು. ನಾನು ಕೂತೆ. ಕೂತದ್ದನ್ನು ಒಪ್ಪಿಗೆ ಅಂತ ಹಿಡಿದರು.

ದಾರಿಯಲ್ಲಿ ಎದುರುಮನೆಯಾಕೆ, "ಯಕ್ಕಾ, ಆ ಕಾಯಿ ಅವರ ತಲಿಗೆ ಒಡೀಬೇಕಿತ್ತಲ್ಲ," ಅಂದಳು. ಅವತ್ತಿನ ಸಂಜೆಯ ಅಳತೆ ಉಳಿದಿತ್ತು. ಪಟ್ಟಿಯ ಮೇಲೆ ಕೆಸರು ಮೆತ್ತಿತ್ತು. ಆ ಹೊಸ ಖಣದಿಂದ ಒರೆಸಿ, ಅಂಕಿ ಓದಿ, ಖಣವನ್ನು ಹಳ್ಳಕ್ಕೆ ಬಿಟ್ಟೆ. ಅದು ಬೇಗ ಬೇಗ ಹೋಯಿತು.

ಕಾಲುವೆಯ ಎರಡೂ ಗೋಡೆ ಎದ್ದವು. ಅಗಲ ಎಷ್ಟೆಂದರೆ ಈ ಗೋಡೆಯಿಂದ ಆ ಗೋಡೆಗೆ ಎತ್ತು ಹಾರೀತು. ಸಣ್ಣ ಸಾಹೇಬನಿಗೆ ಬೇರೆ ಕಡೆ ವರ್ಗವಾಯಿತು. ಹೋಗುವ ಮೊದಲು ನನ್ನ ಮನೆಗೆ ಬಂದ. ಕುಂದ್ರಿ ಅಂದರೆ ಕೂರಲಿಲ್ಲ.

"ಈ ಕಾಲುವಿ ನಕ್ಷಾಕ್ಕ ನಂದೂ ಸಹಿ ಐತ್ರಿ ಅಕ್ಕಾರ," ಅಂದ.

ನಾನು ಗಡಿಯಾರ ತಂದು ಅವನ ಕೈಗೆ ಕೊಟ್ಟೆ. ಇಟ್ಟುಕೊಳ್ಳಿ ಅಂದ. ನಾನು ಇಟ್ಟುಕೊಳ್ಳಲಿಲ್ಲ. ಅವತ್ತು ಅವನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ. ಸಾವ್ಕಾರನ ಮೇಲಿನದ್ದಕ್ಕಿಂತ ಅದೇ ಹೆಚ್ಚು ಸುಡುತ್ತದೆ. ಸಾವ್ಕಾರ ನಮ್ಮ ರೊಟ್ಟಿ ತಿಂದಿರಲಿಲ್ಲ.

ಪಟ್ಟಿಯ ಕೆಲಸ ಮುಗಿಯಿತು ಅಂತ ಹೇಳಿ ಕಳಿಸಿದರು. ವರ್ಷವರ್ಷ ಹಸನು ಮಾಡುವವರು ಯಾರು ಅಂತ ಪುರಸಭೆಗೆ ಹೋಗಿ ಕೇಳಿದೆವು. ಕೆಲಸ ನಮ್ಮದಲ್ಲ, ಪ್ಲಾಟಿನವರದು ಅಂದರು. ಪ್ಲಾಟಿನವರು ಪುರಸಭೆಯದು ಅಂದರು. ನಾವೇ ಇಳಿಯೋಣ ಅಂದರೆ ಗೋಡೆ ಆಳ, ಇಳಿಯಲು ಮೆಟ್ಟಿಲೇ ಇಟ್ಟಿರಲಿಲ್ಲ. ಮನೆ ಕಟ್ಟುವವರು ಒಡೆದ ಇಟ್ಟಂಗಿ, ಸಿಮೆಂಟಿನ ಚೀಲ, ಉಳಿದ ಮುರುಮು ಎಲ್ಲ ಅದರೊಳಗೆ ಹಾಕಿದರು. ಮೇಲೆ ಹೊಸ ಗೋದಾಮಿನವರು ತೊಟ್ಟು ಹಾಕಿದರು, ನಾವಲ್ಲ. ನಾವು ಹಾಕುವುದನ್ನು ಬಿಟ್ಟಿದ್ದೆವು.

ಆಮೇಲಿನದು ಹೇಳಲು ಹೆಚ್ಚಿಲ್ಲ. ಒಂದು ವರ್ಷ ಮುಂಗಾರಿನ ಮಿರಗದ ಮಳೆಗೆ ನೀರು ಪೂಲಿನೊಳಗೆ ಹೋಗದೆ ಪೂಲಿನ ಮೇಲೆ ಹತ್ತಿ ರಸ್ತೆ ದಾಟಿ ನಮ್ಮ ಓಣಿಗೆ ಇಳಿಯಿತು. ಹಗಲಾಗಿದ್ದರಿಂದ ಜೀವ ಉಳಿದವು. ಮಗಳ ರಟ್ಟೆ ಹಿಡಿದುಕೊಂಡು ರಸ್ತೆಯ ದಿನ್ನೆಗೆ ನಿಂತು ನಮ್ಮ ಮಣ್ಣಿನ ಗೋಡೆ ಮೊದಲು ಉಬ್ಬಿ, ಆಮೇಲೆ ಕೂತದ್ದನ್ನು ನೋಡಿದೆ. ಎದುರುಮನೆಯಾಕೆಯದೂ ಹೋಯಿತು. ಪ್ಲಾಟಿನ ಕೆಳಗಿನ ಸಾಲಿನ ಮನೆಗಳಿಗೂ ನೀರು ನುಗ್ಗಿತು. ಅವರು ಬಂದು ಏನಂದರು? "ತೊಟ್ಟು ಹಾಕಿ ಪೂಲಿನ ಬಾಯಿ ಕಟ್ಟಿದವರು ನೀವ." ನಮ್ಮನ್ನು ಊರ ಹೊರಗೆ ಗುಡ್ಡದ ಮಗ್ಗುಲಿನ ಗರಸು ನೆಲಕ್ಕೆ ಹಾಕಿದರು. ಎದುರುಮನೆಯಾಕೆ ಅಲ್ಲಿಗೆ ಬರಲಿಲ್ಲ, ಗಂಡನ ಊರು ಅಗಡಿಗೆ ಹೋದಳು. ಈಗ ನನಗೆ ಎದುರುಮನೆ ಇಲ್ಲ.

ಆ ಕೆಳಗಿನ ಸಾಲಿನ ಮೂಲೆಯ ಮನೆಯೇ ನನ್ನ ಬೀಗರು ಸಸ್ತಾ ಕೊಂಡದ್ದು.

ತೊಟ್ಟಿಲನ್ನು ರಾಣೆಬೆನ್ನೂರಿನ ಬಡಿಗೇರನ ಹತ್ತಿರ ಮಾಡಿಸಿದ್ದೆ. ಕಲಘಟಗಿಯ ಬಣ್ಣದ ತೊಟ್ಟಿಲಿನಂಥದ್ದಲ್ಲ, ಗಿಣಿ ಮಾತ್ರ ಕೂರಿಸಿಕೊಟ್ಟಿದ್ದ. ಮಿರಗ ಕೂಡುವ ಮೊದಲು ಕೂಸನ್ನು ಮುಟ್ಟಿಸಬೇಕು ಅಂತ ಬೀಗರು ಹೇಳಿ ಕಳಿಸಿದ್ದರು. ಟೆಂಪೋದಲ್ಲಿ ತೊಟ್ಟಿಲು, ತೊಟ್ಟಿಲ ಪಕ್ಕ ಮಗಳು, ಮಗಳ ಮಡಿಲಲ್ಲಿ ನನ್ನ ಬಂಗಾರ. ಪೂಲು ದಾಟುವಾಗ ಬಗ್ಗಿ ನೋಡಿದೆ. ಪಟ್ಟಿಯ ಮೇಲ್ತುದಿಯ ಒಂದೆರಡು ಅಂಕಿ ಇನ್ನೂ ಕಾಣುತ್ತವೆ. ಕೆಳಗಿನವು ಹೂಳಿನೊಳಗೆ.

ಬೀಗತಿ ಆರತಿ ಎತ್ತಿ ಒಳಗೆ ಕರೆದುಕೊಂಡರು. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಪಡಸಾಲೆಯಲ್ಲಿ ಅಳಿಯ ಕೊಂಡಿ ಹಾಕಿಸಿದ್ದ. ಹಗ್ಗ ಕಟ್ಟಿ ತೊಟ್ಟಿಲು ಇಳಿಬಿಟ್ಟ. ಕೂತು ತೂಗಲು ಸರಿಯಾಗಿತ್ತು. ನಾನು ಬಾಗಿಲಿಗೆ ಹೋಗಿ ಪೂಲಿನ ಕಡೆ ನೋಡಿದೆ, ಹೊಸ್ತಿಲು ನೋಡಿದೆ, ಒಳಗೆ ಬಂದು ಗೋಡೆಯ ಮೇಲೆ ಅಂಗೈ ಇಟ್ಟೆ.

"ಅತ್ತಿ, ಅಲ್ಲೇನೈತ್ರಿ?" ಅಂದ ಅಳಿಯ.

"ನೀರು."

"ಈಗೆಲ್ಲಿ ನೀರು ಬರ್ತೈತ್ರಿ," ಬೀಗತಿ ನಕ್ಕರು. "ಗ್ವಾಡಿ ಕಟ್ಯಾರಲ್ಲ."

"ಕಟ್ಯಾರ್ರಿ. ಹಗ್ಗ ಮ್ಯಾಲ ಕಟ್ಟು ತಮ್ಮಾ."

ಅಳಿಯ ತಾಯಿಯ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಕಟ್ಟಿದ. ತೊಟ್ಟಿಲ ತಳ ನನ್ನ ಅಂಗೈಯಿಂದ ಮೇಲೆ ಹೋಗುವವರೆಗೂ ಇನ್ನೂ, ಇನ್ನೂ ಅನ್ನುತ್ತಿದ್ದೆ.

"ತೂಗಾಕ ಏಣಿ ತರಸಬೇಕೇನು?" ಅಂದರು ಬೀಗತಿ. ಬಂದವರೆಲ್ಲ ನಕ್ಕರು. ನಾನೂ ನಕ್ಕೆ. ಮೊದಲೇ ಹೇಳಿದೆನಲ್ಲ, ಈಗ ನನಗೆ ಯಾವುದಕ್ಕೂ ನಗು. ಮಣೆ ಇಸಿದುಕೊಂಡು ಅದರ ಮೇಲೆ ನಿಂತು, ಕೈ ಮೂಸಿ ನೋಡಿಕೊಂಡು, ಕೂಸನ್ನು ಮಲಗಿಸಿ ತೂಗಿದೆ. ಅಷ್ಟೆತ್ತರದಿಂದ ನನ್ನ ರಾಣಿ ಎಲ್ಲರನ್ನೂ ಕೆಳಗೆ ನೋಡಿ ಬೊಚ್ಚುಬಾಯಿ ತೆಗೆದು ನಗಾಡಿದಳು.

ಮಗಳು ನಗಲಿಲ್ಲ. ಒಳಗಿನಿಂದ ಇನ್ನೊಂದು ಮಣೆ ತಂದಳು. ಅದರ ಮೇಲೆ ಹತ್ತಿ, ತೊಟ್ಟಿಲ ಹಗ್ಗವನ್ನು ಮತ್ತಷ್ಟು ಮೇಲಕ್ಕೆ ಎಳೆದು ಗಂಟು ಹಾಕಿದಳು.